ಕಿವಿ ಮಷೀನಿನ ಜೊತೆ ಒಂಬತ್ತು ವರ್ಷ

2014ರ ನವೆಂಬರ್. ರಾಯಚೂರು ಸುತ್ತಮುತ್ತ ಹತ್ತಿ ಬಿಡಿಸುವ ಕಾಲ. ನಮ್ಮ ಶಾಲೆಯ ಏಳನೇ ತರಗತಿಯಲ್ಲಿ ಆ ವಾರ ಬೆಂಚುಗಳು ಅರ್ಧ ಖಾಲಿ. ನಿನ್ನ ಗೆಳತಿ ಯಾಕೆ ಬಂದಿಲ್ಲ ಎಂದು ಕೇಳಿದಾಗ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಅಕ್ಕಿ ಬಿಡಸಾಕ ಹೋಗ್ಯಾಳ್ರಿ" ಎಂದು ನನಗೆ ಕೇಳಿಸಿತು. "ಅಕ್ಕಿ ಏನು ಬಿಡಸ್ತಾರವ್ವ?" ಎಂದೆ. ತರಗತಿ ನಕ್ಕಿತು. ಅವಳು ಮತ್ತೊಮ್ಮೆ ಹೇಳಿದಳು. ಮತ್ತೆ ಅಕ್ಕಿ ಎಂದೇ ಕೇಳಿಸಿತು. ಮೂರನೇ ಸಲ ಅವಳು ಹೇಳಲಿಲ್ಲ. ಸುಮ್ನೆ ಕೂತುಬಿಟ್ಟಳು.

ಅವಳು ಹೇಳಿದ್ದು "ಅತ್ತಿ". ನಮ್ಮ ಕಡೆ ಹತ್ತಿಗೆ ಹಾಗೇ ಅನ್ನುತ್ತಾರೆ. ಕನ್ನಡ ಕಲಿಸುವವಳು ನಾನು, ಮಕ್ಕಳ ತಕಾರ ಕಕಾರ ತಿದ್ದುವವಳು. ಕಿವಿ ಮಂದ ಆದರೆ ಕಷ್ಟ ನನ್ನೊಬ್ಬಳದು ಎಂದುಕೊಂಡಿದ್ದೆ. ಎದುರಿಗಿದ್ದವರು ಹೇಳುವುದನ್ನೇ ಬಿಟ್ಟುಬಿಡುತ್ತಾರೆ ಅನ್ನುವುದು ಅವತ್ತು ಗೊತ್ತಾಯಿತು.

ಗೊತ್ತಾಗಬೇಕಿತ್ತು, ಮೊದಲೇ. ನಮ್ಮಪ್ಪ ರಾಯಚೂರಿನ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ 28 ವರ್ಷ ದುಡಿದವರು. ಹತ್ತಿಯಿಂದ ಕಾಳು ಬಿಡಿಸುವ ಯಂತ್ರಗಳ ನಡುವೆ ಮಾತಾಡಬೇಕೆಂದರೆ ಕಿವಿಗೆ ಬಾಯಿ ಹಚ್ಚಬೇಕು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಗಿಂತ ಜಾಸ್ತಿ ಇರಬಾರದು ಅನ್ನುತ್ತಾರೆ. ಅಲ್ಲಿಂದ ಸದ್ದು ಮೂರು ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧ ಆಗಬೇಕು. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಅಪ್ಪನಿಗೆ ಈ ಲೆಕ್ಕ ಯಾರೂ ಹೇಳಲಿಲ್ಲ. ಐವತ್ತು ದಾಟುವಷ್ಟರಲ್ಲಿ ಅವರಿಗೆ ಕೇಳಿಸುವುದು ಕಡಿಮೆಯಾಯಿತು. ನಾವು ಜೋರಾಗಿ ಮಾತಾಡಿದೆವು. ಆಮೇಲೆ ಕಡಿಮೆ ಮಾತಾಡಿದೆವು. ಅವರು ಸಂಜೆ ಕಟ್ಟೆಗೆ ಹೋಗುವುದನ್ನು ಬಿಟ್ಟರು. ಕೊನೆಯ ವರ್ಷಗಳಲ್ಲಿ ಯಾರು ಏನು ಹೇಳಿದರೂ ತಲೆಯಾಡಿಸುತ್ತಿದ್ದರು. ಆ ಹುಡುಗಿ ಕೂತ ಹೊತ್ತಿನಲ್ಲಿ ನನಗೆ ಅಪ್ಪನ ಆ ತಲೆಯಾಡಿಸುವಿಕೆ ಕಣ್ಣ ಮುಂದೆ ಬಂತು.

ಅದೇ ತಿಂಗಳು ಅಂಗಡಿಯೊಂದಕ್ಕೆ ಹೋಗಿ ಮಷೀನ್ ತಂದೆ. ಒಂದೇ ಕಿವಿಗೆ. ಅಂಗಡಿಯವರು ಕಿವಿಯೊಳಗೆ ನೋಡಲಿಲ್ಲ, ಸರಿಯಾಗಿ ಪರೀಕ್ಷೆಯನ್ನೂ ಮಾಡಲಿಲ್ಲ. ಕಿವಿಗೆ ಇಟ್ಟು "ಕೇಳಸ್ತದಲ್ರಿ?" ಅಂದರು. ಕೇಳಿಸಿತು. ಎಲ್ಲವೂ ಕೇಳಿಸಿತು, ಒಂದೇ ಸಮ. ಮನೆಗೆ ಬಂದರೆ ಪಾತ್ರೆ ಇಟ್ಟ ಸದ್ದು ತಲೆಗೆ ಹೊಡೆದಂತೆ. ಫ್ಯಾನ್ ಮಳೆಯಂತೆ. ಮಾತು ಮಾತ್ರ ಮೊದಲಿನಷ್ಟೇ ಮಸುಕು. ಹನ್ನೆರಡು ದಿನ ಹಾಕಿದೆ. ಆಮೇಲೆ ಅದು ಅಲಮಾರಿ ಸೇರಿತು. ಒಂದೂವರೆ ವರ್ಷ ಅಲ್ಲೇ ಇತ್ತು. ಕೇಳಿದವರಿಗೆಲ್ಲ "ಮಷೀನ್ ಪ್ರಯೋಜನ ಇಲ್ಲ" ಎಂದು ಹೇಳುತ್ತಿದ್ದೆ. ನನ್ನ ಆ ಮಾತು ಕೇಳಿ ಎಷ್ಟು ಜನ ತರುವುದನ್ನು ಬಿಟ್ಟರೋ ಎಂದು ಈಗ ಕಳವಳವಾಗುತ್ತದೆ. ಈ ಬರಹ ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

2016ರಲ್ಲಿ ಸಹೋದ್ಯೋಗಿಯೊಬ್ಬರು ಒತ್ತಾಯ ಮಾಡಿ, ಕಿವಿ ಪರೀಕ್ಷೆ ಮಾಡಿ ಮಷೀನ್ ಹೊಂದಿಸುವ ಒಬ್ಬ ಆಡಿಯಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಬಂದ ಹುಡುಗಿ. ಮೊದಲು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದಳು. ಗುಗ್ಗೆ ಗಟ್ಟಿಯಾಗಿತ್ತು. ಇಎನ್‌ಟಿ ಡಾಕ್ಟರ ಹತ್ತಿರ ಅದನ್ನು ತೆಗೆಸಿಕೊಂಡು ಬಂದ ಮೇಲೆಯೇ ಪರೀಕ್ಷೆ. ಸದ್ದಿಲ್ಲದ ಕೋಣೆಯಲ್ಲಿ ಕೂಡಿಸಿ, ದಪ್ಪ ದನಿಯಿಂದ ಸಣ್ಣ ದನಿಯವರೆಗೆ ಒಂದೊಂದಾಗಿ ಕೇಳಿಸಿದಳು. ಆಮೇಲೆ ಗ್ರಾಫ್ ತೋರಿಸಿದಳು. ಅದರಲ್ಲಿ ಗೆರೆ ಕೆಳಗಿಳಿದಷ್ಟೂ ಕೇಳಿಸುವುದು ಕಡಿಮೆ. ಗೆರೆ ಎಡಗಡೆಯ ದಪ್ಪ ದನಿಯಲ್ಲಿ 30 ಡೆಸಿಬೆಲ್ ಹತ್ತಿರ ಶುರುವಾಗಿ, 4000 ಹರ್ಟ್ಸ್‌ನ ಸಣ್ಣ ದನಿಗೆ ಬರುವಷ್ಟರಲ್ಲಿ 65ಕ್ಕೆ ಇಳಿದಿತ್ತು. ಗುಡ್ಡದಿಂದ ಜಾರಿದ ಹಾಗೆ.

"ಟೀಚರ್, ನಿಮಗ ಸ್ವರ ಕೇಳಸ್ತಾವ. ವ್ಯಂಜನ ಕಳೀತಾವ" ಅಂದಳು.

ಇಷ್ಟು ಸರಳವಾಗಿ ನನಗೆ ಯಾರೂ ಹೇಳಿರಲಿಲ್ಲ. ಒಳಗಿವಿಯಲ್ಲಿ ಶಂಖದಂತೆ ಸುತ್ತಿಕೊಂಡ ಒಂದು ಕೊಳವೆ ಇದೆ. ಅದರೊಳಗೆ ಸುಮಾರು 15,000 ಸಣ್ಣ ರೋಮಕೋಶಗಳು. ಬಾಗಿಲ ಹತ್ತಿರ ಇರುವವು ಸಣ್ಣ, ತೀಕ್ಷ್ಣ ದನಿ ಹಿಡಿಯುತ್ತವೆ. ಒಳಗಿನವು ದಪ್ಪ ದನಿ. ಸಾಮಾನ್ಯವಾಗಿ ಮೊದಲು ಸವೆಯುವುದು ಬಾಗಿಲ ಹತ್ತಿರದವು. ಒಮ್ಮೆ ಸತ್ತರೆ ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಅ, ಆ, ಓ ಎಲ್ಲ ದಪ್ಪ ದನಿಯವು, ಜೋರಾಗಿಯೂ ಇರುತ್ತವೆ. ಸ, ಶ, ತ, ಕ, ಚ ಇವೆಲ್ಲ ತೆಳು. ಅತ್ತಿ, ಅಕ್ಕಿ ಎರಡರಲ್ಲೂ ನನಗೆ ಸಿಗುತ್ತಿದ್ದುದು ಮುಂದಿನ ಅ, ಹಿಂದಿನ ಇ. ನಡುವಿನದನ್ನು ಊಹೆಯಿಂದ ತುಂಬಿಕೊಳ್ಳುತ್ತಿದ್ದೆ. ಕಿವಿ ಮಂದ ಆದವರು "ಕೇಳಸ್ತದ, ತಿಳಿಯಂಗಿಲ್ಲ" ಅನ್ನುತ್ತಾರಲ್ಲ, ಅದು ನೆಪ ಅಲ್ಲ. ಅಕ್ಷರಶಃ ಹಾಗೇ ಇರುತ್ತದೆ.

ಕನ್ನಡದಲ್ಲಿ ಇನ್ನೊಂದು ಕಷ್ಟ ಇದೆ. ನಮ್ಮ ಮಾತಿನ ಮುಖ್ಯ ವಿಷಯ ಎಷ್ಟೋ ಸಲ ಕೊನೆಯಲ್ಲಿ ಕೂತಿರುತ್ತದೆ. ಬಂದಾನ, ಬಂದಾಳ, ಬಂದಾರ. ಯಾರು ಬಂದರು ಅನ್ನುವುದು ಕೊನೆಯ ಒಂದಕ್ಷರದಲ್ಲಿ. ಆದರೆ ಮಾತು ಮುಗಿಯುವ ಹೊತ್ತಿಗೆ ಎಲ್ಲರ ದನಿಯೂ ಇಳಿಯುತ್ತದೆ. ಅಲ್ಲೇ ನಾನು ತಪ್ಪುತ್ತಿದ್ದೆ. ಗಂಡಸು ಬಂದನೋ ಹೆಂಗಸು ಬಂದಳೋ ಗೊತ್ತಾಗದೆ ಉತ್ತರ ಕೊಡುತ್ತಿದ್ದೆ.

ಹಾಗಾಗಿ ಎಲ್ಲ ದನಿಯನ್ನೂ ಒಟ್ಟಿಗೆ ಏರಿಸುವ ಮಷೀನ್ ನನ್ನ ಕೆಲಸಕ್ಕೆ ಬರುವಂಥದ್ದಾಗಿರಲಿಲ್ಲ. ನನ್ನ ಗೆರೆ ಎಲ್ಲಿ ಜಾರಿದೆಯೋ ಅಲ್ಲಿ ಮಾತ್ರ ಎತ್ತಬೇಕು. ಆ ಹುಡುಗಿ ಎರಡೂ ಕಿವಿಗೆ ಮಷೀನ್ ಹಾಕಿ, ಕಿವಿಯೊಳಗೆ ಕೂದಲಿನಂಥ ಒಂದು ಸಣ್ಣ ನಳಿಕೆ ಇಟ್ಟು, ಮಷೀನಿನ ದನಿ ಕಿವಿಯ ತಮಟೆಯ ಹತ್ತಿರ ಎಷ್ಟು ತಲುಪುತ್ತದೆ ಎಂದು ಅಳೆದಳು. ಒಬ್ಬೊಬ್ಬರ ಕಿವಿಯ ಓಣಿ ಒಂದೊಂದು ಅಳತೆ. ಅದೇ ಮಷೀನ್, ಅದೇ ಸೆಟ್ಟಿಂಗ್ ಇದ್ದರೂ ನನಗೆ ಒಂದು ಥರ, ಪಕ್ಕದವರಿಗೆ ಇನ್ನೊಂದು ಥರ ಕೇಳಿಸುತ್ತದೆ. ಮಷೀನ್ ಕೊಳ್ಳಲು ಹೊರಟವರಿಗೆ ನಾನು ಹೇಳುವುದು ಇದನ್ನೇ. ಯಾವ ಕಂಪನಿ, ಎಷ್ಟು ಚಾನೆಲ್ ಎಂದು ಕೇಳುವ ಮೊದಲು, ಕಿವಿಯೊಳಗೆ ಅಳೆದು ಕೂಡಿಸುತ್ತೀರಾ, ಆಮೇಲೆ ಎಷ್ಟು ಸಲ ಬರಬಹುದು ಎಂದು ಕೇಳಿ. ಮಷೀನಿಗೆ ಕೊಡುವ ದುಡ್ಡಿನಲ್ಲಿ ಆ ಆಮೇಲಿನ ಭೇಟಿಗಳೂ ಸೇರಿರಬೇಕು. ನನ್ನ ಎರಡು ತಿಂಗಳ ಸಂಬಳ ಹೋಯಿತು. ಆ ಭೇಟಿಗಳು ಇಲ್ಲದಿದ್ದರೆ ಅದೂ ಅಲಮಾರಿಗೇ ಹೋಗುತ್ತಿತ್ತು.

ಮೊದಲ ವಾರ ಸುಲಭ ಇರಲಿಲ್ಲ. ನನ್ನ ದನಿಯೇ ಕೊಡದೊಳಗೆ ಬಾಯಿ ಇಟ್ಟು ಮಾತಾಡಿದಂತೆ ಕೇಳಿಸುತ್ತಿತ್ತು. ಕಿವಿ ಮುಚ್ಚಿದಾಗ ಹಾಗಾಗುತ್ತದೆ. ಮಷೀನಿನ ತುದಿಗೆ ಗಾಳಿಯಾಡುವ ಮೆತ್ತನೆಯ ಟೊಪ್ಪಿಗೆ, ಅಂದರೆ ಡೋಮ್, ಹಾಕಿದ ಮೇಲೆ ಎಷ್ಟೋ ಕಡಿಮೆಯಾಯಿತು. ನ್ಯೂಸ್ ಪೇಪರ್ ಮಡಚಿದರೆ ಸುಟ್ಟ ಹಪ್ಪಳ ಮುರಿದ ಹಾಗೆ. ಬಳೆ ಸದ್ದು. ನನ್ನ ಚಪ್ಪಲಿ ಉಜ್ಜುವ ಸದ್ದು. ಗೋಡೆಯ ಮೇಲಿನ ಹಲ್ಲಿಯ ಲೊಚಗುಟ್ಟುವಿಕೆ ನಾನು ಎಷ್ಟೋ ವರ್ಷದಿಂದ ಕೇಳಿಯೇ ಇರಲಿಲ್ಲ. ಕೇಳಿಸುವುದು ಕಿವಿಗೆ, ಆದರೆ ಯಾವ ಸದ್ದು ಬೇಕು ಯಾವುದು ಬೇಡ ಎಂದು ಬೇರ್ಪಡಿಸುವುದು ಮಿದುಳು. ವರ್ಷಗಟ್ಟಲೆ ತೆಳು ದನಿ ಬರದೇ ಇದ್ದಾಗ ಅದಕ್ಕೆ ಆ ಅಭ್ಯಾಸ ತಪ್ಪಿರುತ್ತದೆ. ಮತ್ತೆ ಕಲಿಯಲು ವಾರಗಳು ಬೇಕು, ಕೆಲವರಿಗೆ ತಿಂಗಳುಗಳು. ಅದಕ್ಕೇ ಆ ಹುಡುಗಿ ಮೊದಲು ಬೇಕಾದದ್ದಕ್ಕಿಂತ ಸ್ವಲ್ಪ ಕಡಿಮೆ ಇಟ್ಟು, ಹೋದಾಗಲೊಮ್ಮೆ ಏರಿಸಿದಳು.

ಮೂರನೇ ವಾರ ಹೋದಾಗ "ದಿನಾ ಹಾಕ್ತೀರಿ?" ಎಂದು ಕೇಳಿದಳು. "ದಿನಾ ಹಾಕ್ತೀನವ್ವ" ಎಂದೆ. ಅವಳು ಮಷೀನನ್ನು ಕಂಪ್ಯೂಟರಿಗೆ ಜೋಡಿಸಿ ಪರದೆ ನನ್ನ ಕಡೆ ತಿರುಗಿಸಿದಳು. ಸರಾಸರಿ ದಿನಕ್ಕೆ ಎರಡೂವರೆ ಗಂಟೆ. ಈಗಿನ ಮಷೀನುಗಳು ಎಷ್ಟು ಹೊತ್ತು ಚಾಲೂ ಇದ್ದವು ಅನ್ನುವುದನ್ನು ತಾವೇ ಬರೆದಿಟ್ಟುಕೊಳ್ಳುತ್ತವೆ. ಶಾಲೆಯಲ್ಲಿ ಮಕ್ಕಳು ನೋಡುತ್ತಾರೆ ಎಂದು ನಾನು ಹಾಕುತ್ತಿರಲಿಲ್ಲ. ಮನೆಯಲ್ಲಿ ಟಿವಿ ನೋಡುವಾಗ ಮಾತ್ರ ಹಾಕುತ್ತಿದ್ದೆ. ಅವಳು ಬೈಯಲಿಲ್ಲ. "ನೀವು ಮಗ್ಗಿ ವಾರಕ್ಕೊಮ್ಮೆ ಹೇಳಿಸಿದ್ರ ಮಕ್ಕಳಿಗೆ ಬರ್ತದೇನ್ರಿ ಟೀಚರ್?" ಅಂದಳು.

ಮರುದಿನ ತರಗತಿಯಲ್ಲಿ ಕೂದಲನ್ನು ಹಿಂದೆ ಕಟ್ಟಿಕೊಂಡು, ಎರಡೂ ಕಿವಿಯ ಮಷೀನ್ ಕಾಣುವ ಹಾಗೆ ನಿಂತೆ. ಇದು ಏನು, ಯಾಕೆ, ಹೇಗೆ ಕೆಲಸ ಮಾಡುತ್ತದೆ ಎಂದು ಹೇಳಿದೆ. ಒಬ್ಬ ಹುಡುಗ "ನಮ್ಮಜ್ಜಿಗೂ ಐತ್ರಿ, ಡಬ್ಬ್ಯಾಗ ಇಟ್ಟಾಳ್ರಿ" ಅಂದ. ಉಳಿದವರು ಎರಡು ದಿನ ನೋಡಿದರು. ಆಮೇಲೆ ಅವರಿಗೆ ಅದು ನನ್ನ ಕನ್ನಡಕದ ಹಾಗೆ. ಅವತ್ತಿನಿಂದ ಎದ್ದು ಮುಖ ತೊಳೆದ ಮೇಲೆ ಹಾಕಿದರೆ ಮಲಗುವಾಗಲೇ ತೆಗೆಯುವುದು. ದಿನಕ್ಕೆ ಹದಿಮೂರು, ಹದಿನಾಲ್ಕು ಗಂಟೆ. ತಲೆನೋವು ಬಂದ ದಿನ ಅರ್ಧ ಗಂಟೆ ತೆಗೆದಿಟ್ಟು ಮತ್ತೆ ಹಾಕುತ್ತಿದ್ದೆ. ರಾತ್ರಿ ಮಗಳು ಪೇಪರ್ ಓದುವುದು, ನಾನು ಅವಳ ಮುಖ ನೋಡದೆ ಕೇಳಿ ಮತ್ತೆ ಹೇಳುವುದು. ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳುವುದು. ವಾರ್ತೆ ಓದುವವರ ಉಚ್ಚಾರ ಸ್ವಚ್ಛ, ವೇಗ ಒಂದೇ ಸಮ. ಕಿವಿಗೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಸಿಗಲಿಲ್ಲ. ಎರಡೂವರೆ ತಿಂಗಳಾದ ಮೇಲೆ ಒಂದು ಸಂಜೆ, ಫ್ಯಾನ್ ತಿರುಗುತ್ತಿದೆ, ಆದರೆ ಅದರ ಸದ್ದು ನನಗೆ ಬೇಸರ ತರುತ್ತಿಲ್ಲ ಎಂದು ಗೊತ್ತಾಯಿತು. ಮಷೀನ್ ಬದಲಾಗಿರಲಿಲ್ಲ.

ಮನೆಯವರೂ ಕಲಿಯಬೇಕಾಯಿತು. ಮಷೀನ್ ಬಂತು, ಇನ್ನು ಅಡಿಗೆಮನೆಯಿಂದ ಕೂಗಿದರೂ ಕೇಳಿಸುತ್ತದೆ ಎಂದು ನಮ್ಮವರು ಅಂದುಕೊಂಡಿದ್ದರು. ದೂರ ಎರಡು ಪಟ್ಟಾದರೆ ಬಯಲಿನಲ್ಲಿ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ನಡುವೆ ಗೋಡೆ, ಮಿಕ್ಸರ್, ಕುಕ್ಕರ್ ಬಂದರೆ ಮಾತು ಪೂರ್ತಿ ಮುಳುಗುತ್ತದೆ. ಜೋರಾಗಿ ಕಿರುಚುವುದೂ ಉಪಯೋಗ ಇಲ್ಲ. ಕಿರುಚಿದರೆ ಏರುವುದು ಸ್ವರಗಳು, ಅವು ನನಗೆ ಮೊದಲೇ ಕೇಳಿಸುತ್ತವೆ. ಈಗ ನಮ್ಮ ಮನೆಯಲ್ಲಿ ಮೊದಲು ಹೆಸರು ಹಿಡಿದು ಕರೆಯುತ್ತಾರೆ, ನಾನು ತಿರುಗುತ್ತೇನೆ, ಆಮೇಲೆ ಮಾತು. ತಿಳಿಯದಿದ್ದರೆ ಅದೇ ಶಬ್ದವನ್ನು ನಾಲ್ಕು ಸಲ ಹೇಳದೆ ಬೇರೆ ಶಬ್ದದಲ್ಲಿ ಹೇಳುತ್ತಾರೆ. "ಏನಿಲ್ಲ ಬಿಡು" ಅನ್ನುವ ಮಾತನ್ನು ಮಾತ್ರ ಯಾರೂ ಅನ್ನಬಾರದು ಎಂದು ನಾನೇ ಕೇಳಿಕೊಂಡೆ. ಆ ಎರಡು ಶಬ್ದ ಅಪ್ಪನಿಗೆ ನಾವು ಎಷ್ಟು ಸಲ ಹೇಳಿದ್ದೆವೋ.

ಮದುವೆ ಮಂಟಪದಲ್ಲಿ ಡಿಜೆ ಹಾಕಿದರೆ ಯಾವ ಮಷೀನೂ ಗೆಲ್ಲುವುದಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಎದುರಿಗಿದ್ದವರ ಮುಖಕ್ಕೆ ಬೆಳಕು ಬೀಳುವ ಕಡೆ ಕೂರುತ್ತೇನೆ.

ಇನ್ನು ನಮ್ಮ ರಾಯಚೂರಿನ ಬಿಸಿಲು. ಮೇ ತಿಂಗಳಲ್ಲಿ 42, 43 ಡಿಗ್ರಿ ದಾಟುತ್ತದೆ. ಕಿವಿಯ ಹಿಂದೆ ಬೆವರು ಇಳಿದು ಮಷೀನಿನ ಮೇಲೆ ಉಪ್ಪು ಕಟ್ಟುತ್ತದೆ. ನನ್ನ ಮೊದಲ ಜೊತೆಯ ಬ್ಯಾಟರಿ ಕೂರುವ ಜಾಗದಲ್ಲಿ ಎರಡನೇ ಬೇಸಿಗೆಗೇ ಹಸಿರು ಕಿಲುಬು ಬಂದಿತ್ತು. ಅದಾದ ಮೇಲೆ ಒಂದು ಶಿಸ್ತು ಬಂತು. ರಾತ್ರಿ ತೆಗೆದ ತಕ್ಷಣ ಒಣ ಬಟ್ಟೆಯಿಂದ ಒರೆಸುವುದು, ಬ್ಯಾಟರಿ ಬಾಗಿಲು ತೆರೆದಿಡುವುದು, ಸಿಲಿಕಾ ಜೆಲ್ ಇರುವ ಮುಚ್ಚಳದ ಡಬ್ಬಿಯಲ್ಲಿ ಇಡುವುದು. ನನ್ನ ಡಬ್ಬಿಯಲ್ಲಿರುವ ಹರಳು ನೀಲಿಯಿಂದ ಗುಲಾಬಿಗೆ ತಿರುಗಿದರೆ ತೇವ ತುಂಬಿತು ಎಂದರ್ಥ. ಹತ್ತಿಯ ಕಾಲದಲ್ಲಿ ಗಾಳಿಯಲ್ಲಿ ನೂಲಿನಂಥ ಧೂಳು ಹಾರುತ್ತದೆ, ಎರೆಮಣ್ಣಿನ ಧೂಳು ವರ್ಷವೆಲ್ಲ ಇರುತ್ತದೆ. ಮೈಕಿನ ತೂತು ಸೂಜಿಮೊನೆಯಷ್ಟು. ಮೆತ್ತನೆಯ ಬ್ರಷ್‌ನಿಂದ ಮಷೀನನ್ನು ತಲೆಕೆಳಗು ಹಿಡಿದು ಉಜ್ಜಬೇಕು, ಕಸ ಕೆಳಗೆ ಬೀಳುವ ಹಾಗೆ.

ಎಣ್ಣೆಯ ಮಾತು ಹೇಳಲೇಬೇಕು. ನಮ್ಮ ಕಡೆ ಭಾನುವಾರದ ಎರೆಯುವ ನೀರಿಗೆ ಮೊದಲು ಕಿವಿಗೆ ಬೆಚ್ಚನೆಯ ಎಣ್ಣೆ ಬಿಡುತ್ತಾರೆ. ನಮ್ಮವ್ವ ಪ್ರೀತಿಯಿಂದ ಬಿಡುತ್ತಿದ್ದಳು. ಆ ಎಣ್ಣೆ ಒಳಗಿನ ಗುಗ್ಗೆಯ ಜೊತೆ ಸೇರಿ ಮಷೀನಿನ ತುದಿಯ ಜಾಲರಿಯನ್ನು ಮುಚ್ಚುತ್ತದೆ. ಒಂದು ಸೋಮವಾರ ಎಡಗಡೆಯ ಮಷೀನ್ ಸತ್ತುಹೋಯಿತು ಎಂದು ಗಾಬರಿಯಿಂದ ಓಡಿದ್ದೆ. ಜಾಲರಿ ಬದಲಿಸಲು ಆ ಆಡಿಯಾಲಜಿಸ್ಟ್ ಹುಡುಗಿಗೆ ಅರ್ಧ ನಿಮಿಷ ಸಾಕಾಯಿತು. ಆಮೇಲೆ ಅದನ್ನು ನಾನೇ ಮಾಡುವುದು ಕಲಿತೆ. ಈಗ ಕಿವಿಗೆ ಎಣ್ಣೆ ಇಲ್ಲ, ಬಡ್ಸ್ ಇಲ್ಲ, ಪಿನ್ನು ಇಲ್ಲ. ತಲೆಗೆ ಎಣ್ಣೆ, ಮುಖಕ್ಕೆ ಪೌಡರ್ ಎಲ್ಲ ಮುಗಿದ ಮೇಲೆ ಮಷೀನ್.

ಬ್ಯಾಟರಿಯದ್ದು ಒಂದು ಸಣ್ಣ ಗುಟ್ಟು. ಈ ಗುಂಡಿ ಬ್ಯಾಟರಿಗಳು ಸತು ಮತ್ತು ಗಾಳಿಯಿಂದ ಕೆಲಸ ಮಾಡುತ್ತವೆ. ಮೇಲಿನ ಸ್ಟಿಕರ್ ಕಿತ್ತಾಗ ತೂತಿನಿಂದ ಗಾಳಿ ಒಳಗೆ ಹೋಗಿ ಶಕ್ತಿ ಹುಟ್ಟುತ್ತದೆ. ಕಿತ್ತ ಕೂಡಲೇ ಹಾಕದೆ ಒಂದೆರಡು ನಿಮಿಷ ಬಿಟ್ಟು ಹಾಕಬೇಕು. ಮತ್ತೆ ಸ್ಟಿಕರ್ ಅಂಟಿಸಿದರೆ ಉಳಿಯುವುದಿಲ್ಲ, ಕಿತ್ತ ಮೇಲೆ ಬಳಸದಿದ್ದರೂ ಖರ್ಚಾಗುತ್ತದೆ. ಸ್ಟಿಕರಿನ ಬಣ್ಣವೇ ಅಳತೆ: 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಓದಲು ಬಾರದವರಿಗೂ ಬಣ್ಣ ತೋರಿಸಿ ತರಿಸಿಕೊಳ್ಳಬಹುದು. ಮಕ್ಕಳ ಕೈಗೆ ಮಾತ್ರ ಸಿಗಬಾರದು, ನುಂಗಿದರೆ ಅಪಾಯ.

2020ರಲ್ಲಿ ಮಾಸ್ಕ್ ಬಂತು. ಅದು ಎಲ್ಲರ ತುಟಿ ಮುಚ್ಚಿತು, ನನಗೆ ಬೇಕಾದ ತೆಳು ದನಿಯನ್ನೇ ತಿಂದಿತು. ಜೊತೆಗೆ ಅದರ ದಾರಕ್ಕೆ ಸಿಕ್ಕಿ ಮಷೀನ್ ಎಲ್ಲೆಂದರಲ್ಲಿ ಬೀಳುತ್ತಿತ್ತು. ಒಂದು ಸಲ ಮಾರ್ಕೆಟ್ಟಿನಲ್ಲಿ ಬಿದ್ದದ್ದು ಸಿಕ್ಕಿದ್ದೇ ಪುಣ್ಯ. ಆ ವರ್ಷ ನಾನು ತಲೆಯ ಹಿಂದೆ ಕಟ್ಟುವ ಮಾಸ್ಕನ್ನೇ ಹೊಲಿಸಿಕೊಂಡೆ.

ಮೊದಲ ಜೊತೆ ತಂದು ಮೂರು ವರ್ಷ ಕಳೆದ ಮೇಲೆ ಮಷೀನ್ ಮಂದ ಆದಂತೆ ಅನಿಸಿತ್ತು. ಹೊಸದು ತರಬೇಕೇನೋ ಎಂದು ಚಿಂತೆ. ಪರೀಕ್ಷೆ ಮಾಡಿದರೆ ಮಷೀನ್ ಚೆನ್ನಾಗಿಯೇ ಇತ್ತು. ನನ್ನ ಗೆರೆ 10 ಡೆಸಿಬೆಲ್ ಕೆಳಗೆ ಇಳಿದಿತ್ತು. ಆ ಹುಡುಗಿ ಕಂಪ್ಯೂಟರಿಗೆ ಹಾಕಿ ಮತ್ತೆ ಹೊಂದಿಸಿದಳು, ಅದೇ ಜೊತೆ ಇನ್ನೂ ಮೂರು ವರ್ಷ ನಡೆಯಿತು. ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸಿ ಎಂದು ಇದಕ್ಕೇ ಹೇಳುವುದು. ಆದರೆ ಒಂದು ಕಿವಿ ಒಂದೆರಡು ದಿನದಲ್ಲಿ ಒಮ್ಮೆಲೇ ಕೇಳಿಸದಂತಾದರೆ ಮಷೀನಿನ ತಪ್ಪು ಹುಡುಕುತ್ತಾ ಕೂರಬೇಡಿ. ಅವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಆ ತೊಂದರೆಗೆ ಮೊದಲ ದಿನಗಳಲ್ಲಿ ಕೊಡುವ ಔಷಧಕ್ಕೇ ಬೆಲೆ.

2023ರಲ್ಲಿ ಅಮೆರಿಕದ ಒಂದು ಅಧ್ಯಯನದ ಬಗ್ಗೆ ಓದಿದೆ. 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ನೋಡಿದ್ದರು. ಕೆಲವರಿಗೆ ಮಷೀನ್ ಮತ್ತು ತರಬೇತಿ, ಉಳಿದವರಿಗೆ ಬರೀ ಆರೋಗ್ಯದ ಪಾಠ. ಎಲ್ಲರನ್ನೂ ಸೇರಿಸಿ ನೋಡಿದಾಗ ನೆನಪು, ಯೋಚನೆಯ ಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮರೆವಿನ ಅಪಾಯ ಮೊದಲೇ ಜಾಸ್ತಿ ಇದ್ದ ಗುಂಪಿನಲ್ಲಿ, ಮಷೀನ್ ಹಾಕಿದವರ ಕುಸಿತ ಮೂರು ವರ್ಷದಲ್ಲಿ 48% ನಿಧಾನವಾಗಿತ್ತು. ಓದಿ ಪೇಪರ್ ಮಡಚಿಟ್ಟು ತುಂಬಾ ಹೊತ್ತು ಅಪ್ಪನ ಖಾಲಿ ಕುರ್ಚಿ ನೋಡುತ್ತಾ ಕೂತಿದ್ದೆ.

ಡಬ್ಬಿಯಲ್ಲಿ ಮಷೀನ್ ಇಟ್ಟಿದ್ದ ಆ ಹುಡುಗನ ಅಜ್ಜಿಯನ್ನು ನಾನು ಮರೆತಿರಲಿಲ್ಲ. ಅವರ ಮನೆ ನಮ್ಮ ಓಣಿಯ ಹಿಂದೆಯೇ. ಕೇಂದ್ರ ಸರ್ಕಾರದ ಅಡಿಪ್ ಯೋಜನೆ 1981ರಿಂದ ಇದೆ, ಬಡವರಿಗೆ ಉಚಿತವಾಗಿ ಶ್ರವಣ ಸಾಧನ ಸಿಗುತ್ತದೆ. ಅಜ್ಜಿಗೂ ಒಂದು ಕ್ಯಾಂಪಿನಲ್ಲಿ ಹಾಗೇ ಸಿಕ್ಕಿತ್ತು. ಬ್ಯಾಟರಿ ಮುಗಿದಿತ್ತು, ಎಂಥದ್ದು ತರಬೇಕು ಎಂದು ಯಾರಿಗೂ ಗೊತ್ತಿರಲಿಲ್ಲ, ಮಷೀನ್ ಕೆಟ್ಟಿದೆ ಎಂದು ಎತ್ತಿಟ್ಟಿದ್ದರು. ಮಷೀನಿನಿಂದ ಕಿವಿಗೆ ದನಿ ಒಯ್ಯುವ ಟ್ಯೂಬ್ ಒಣಗಿ ಹಳದಿಯಾಗಿತ್ತು. ಕಿವಿಯೊಳಗೆ ಕೂರುವ ಅಚ್ಚು, ಅಂದರೆ ಮೋಲ್ಡ್, ಸಡಿಲ; ಹಾಕಿದರೆ ಸೀಟಿ ಹೊಡೆಯುತ್ತಿತ್ತು. ಹೊರಗೆ ಸೋರಿದ ದನಿ ಮತ್ತೆ ಮೈಕಿಗೆ ಹೋದರೆ ಹಾಗೆ ಸೀಟಿ ಬರುತ್ತದೆ. ಹೊಸ ಮೋಲ್ಡ್, ಹೊಸ ಟ್ಯೂಬ್, ಒಂದು ಪ್ಯಾಕೆಟ್ ಬ್ಯಾಟರಿ. ಇಷ್ಟೇ ಬೇಕಾಗಿದ್ದದ್ದು.

ಮೊದಲು ದಿನಕ್ಕೆ ಅರ್ಧ ಗಂಟೆ ಹಾಕಿದರು. ಮೊಮ್ಮಗ ಕ್ಯಾಲೆಂಡರಿನಲ್ಲಿ ಗಂಟೆ ಬರೆಯುತ್ತಿದ್ದ. ಈಗ ಅವನು ಬೆಂಗಳೂರಿನಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ, ಭಾನುವಾರ ಫೋನ್ ಮಾಡುತ್ತಾನೆ. ಅಜ್ಜಿ ಫೋನನ್ನು ಕಿವಿಗೆ ಒತ್ತದೆ, ಮಷೀನಿನ ಮೈಕ್ ಇರುವ ಕಡೆ ಸ್ವಲ್ಪ ಮೇಲಕ್ಕೆ ಹಿಡಿದು ಮಾತಾಡುತ್ತಾರೆ. ಅದನ್ನು ರೂಢಿ ಮಾಡಿಸಲು ಎರಡು ತಿಂಗಳು ಹಿಡಿಯಿತು. ನಿನ್ನೆ ಸಂಜೆ ಹೋದಾಗ ಟ್ಯೂಬ್ ಮತ್ತೆ ಗಟ್ಟಿಯಾಗಿರುವುದು ಕಂಡಿತು. ಐದು ತಿಂಗಳಾಗಿದೆ. ಬುಧವಾರ ಇಬ್ಬರೂ ಆಟೊದಲ್ಲಿ ಹೋಗಿ ಬದಲಿಸಿಕೊಂಡು ಬರುತ್ತೇವೆ.